ಚರೆಯಿಲ್ಲದ ಈಡು

ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತ ವೀರಭದ್ರಸ್ವಾಮಿಗೆ ಇವತ್ತೂ ಮಂತ್ರ ಅರ್ಧಕ್ಕೇ ನಿಂತುಹೋಯಿತು. ಐವತ್ತು ವರ್ಷದಿಂದ ಬಾಯಿಗೆ ತಾನೇ ತಾನಾಗಿ ಬರುತ್ತಿದ್ದ ಮಂತ್ರ. ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಒಂದಕ್ಷರ ತಪ್ಪದೆ ಹೇಳಬಲ್ಲ ಮನುಷ್ಯ. ಹನ್ನೊಂದು ದಿನದಿಂದ ಮಾತ್ರ, ನೀರೆರೆದು, ವಿಭೂತಿ ಹಚ್ಚಿ, ಪತ್ರೆಯ ಎಸಳು ಇಡುವ ಹೊತ್ತಿಗೆ ಕಣ್ಣು ಲಿಂಗವನ್ನು ಬಿಟ್ಟು ಅಂಗೈಗೆ ಜಾರಿಬಿಡುತ್ತದೆ. ಅಂಗೈ ನಡುವಿನ ಗುಂಡಿ, ಲಿಂಗ ಅಳತೆ ಮಾಡಿದ ಹಾಗೆ ಕೂರುವ ಈ ಗುಂಡಿಯಲ್ಲೇ ಅವನು ಕೋವಿಗೆ ಮದ್ದು ಅಳೆಯುತ್ತಿದ್ದದ್ದು. ಅಪ್ಪ ಕಲಿಸಿದ ಲೆಕ್ಕ ಅದು: ಗುಂಡಿ ತುಂಬಿದರೆ ಒಂದು ಈಡು, ಬೆರಳ ಬುಡಕ್ಕೆ ಬಂದರೆ ಜಾಸ್ತಿಯಾಯಿತು. ಅಪ್ಪ ಪೂಜೆಯನ್ನೂ ಇದೇ ಕೈಯಲ್ಲಿ ಮಾಡುತ್ತಿದ್ದ, ಮದ್ದನ್ನೂ ಇದೇ ಕೈಯಲ್ಲಿ ಅಳೆಯುತ್ತಿದ್ದ, ಅವನಿಗೆ ಯಾವತ್ತೂ ಮಂತ್ರ ಮರೆತಿರಲಿಲ್ಲ. ಹೆಂಡತಿ ಶಿವನಂಜಮ್ಮ ಅಡುಗೆಮನೆಯಿಂದ ಎರಡು ಸಲ ಇಣುಕಿ ನೋಡಿ ಹೋದಳು. ಈ ಹನ್ನೊಂದು ದಿನದಲ್ಲಿ ಆ ಮನೆಯಲ್ಲಿ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಉಪ್ಪು ಸಾಕೇ, ಮಜ್ಜಿಗೆ ಬೇಕೇ ಎಂಬುದಷ್ಟೇ.

ಮೊಟ್ಟೆ ಒಡೆಯದ ಮನೆಗೆ ಕೋವಿ ಯಾಕಪ್ಪಾ ಎಂದು ಹನಗೋಡಿನ ಸಂತೆಯಲ್ಲಿ ಜನ ಅವನ ತಾತನ ಕಾಲದಿಂದಲೂ ನಗಾಡಿಕೊಂಡೇ ಬಂದಿದ್ದರು. ಕಾಡು ಬೇಲಿಗೆ ಬಂದು ನಿಂತಿರುವ ಊರಲ್ಲಿ ಕೋವಿ ಯಾಕೆ ಅಂದರೆ ಏನು ಹೇಳುವುದು? ಜೋಳ ಹಾಲುಗಟ್ಟುವ ಹೊತ್ತಿಗೆ ಹಂದಿ ಬರುತ್ತವೆ, ಭತ್ತ ತೆನೆಯಾದರೆ ಆನೆ ಬರುತ್ತವೆ. ಬೆಳೆ ಕಾಯಲೆಂದು ಸರ್ಕಾರ ಕೊಟ್ಟ ಪರವಾನಗಿ, ತಾತನ ಹೆಸರಿಂದ ಅಪ್ಪನ ಹೆಸರಿಗೆ, ಅಪ್ಪನಿಂದ ಅವನಿಗೆ ಬಂದ ಒಂಟಿ ನಳಿಗೆಯ ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ತೆಂಗಿನ ನಾರಿನ ಉಂಡೆ ತುರುಕಿ, ಗಜದ ಕಡ್ಡಿಯಿಂದ ಜಡಿದು, ಹಿಂದೆ ಕಿಡಿ ಹಾರಿಸುವ ಕೇಪು ಇಟ್ಟು ಆಕಾಶಕ್ಕೆ ಹಿಡಿದು ಬೆರಳಿಂದ ಕುದುರೆ ಎಳೆದರೆ ಆಯಿತು. ಸದ್ದಿಗೆ ಆನೆಯೂ ಕಿವಿ ನಿಮಿರಿಸಿ ಹಿಂದಕ್ಕೆ ತಿರುಗುತ್ತಿತ್ತು. ಚರೆ ಅನ್ನುವ ಸೀಸದ ಕಾಳು ಆ ಮನೆಯ ಹೊಸಿಲು ದಾಟಿ ಒಳಗೆ ಬಂದದ್ದಿಲ್ಲ. ನಮ್ಮ ಕೋವಿ ಮೂರು ತಲೆಮಾರಿಂದ ಒಂದು ಗುಬ್ಬಚ್ಚಿಯನ್ನೂ ಕೊಂದಿಲ್ಲ ಎಂದು ವೀರಭದ್ರಸ್ವಾಮಿ ಹೇಳದ ಮದುವೆಮನೆಯಿಲ್ಲ, ಹೇಳದ ಜಗಲಿಯಿಲ್ಲ. ಚುನಾವಣೆ ಬಂದಾಗಲೆಲ್ಲ ಎಣ್ಣೆ ಸವರಿ, ಹಳೇ ಪಂಚೆಯಲ್ಲಿ ಸುತ್ತಿ, ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋಗಿ ಠಾಣೆಗೆ ಒಪ್ಪಿಸಿ ಬರುತ್ತಿದ್ದ. ಅಲ್ಲಿಯವರು ಬನ್ನಿ ಸ್ವಾಮಿಗಳೇ ಎಂದು ಕುರ್ಚಿ ಹಾಕುತ್ತಿದ್ದರು. ಆ ಕುರ್ಚಿಯ ನೆನಪು ಈಗ ಬಂದದ್ದಕ್ಕೆ ಯಾಕೋ ಅವನಿಗೇ ನಾಚಿಕೆಯಾಯಿತು.

ಮಗ ಬಸವಪ್ರಸಾದ್ ಬಿಳೀ ಅಂಗಿಗೆ ಇಸ್ತ್ರಿ ಹಾಕಿ ತಂದು ಮಂಚದ ಮೇಲಿಟ್ಟ. ಹನ್ನೊಂದು ಗಂಟೆಗೆ ಠಾಣೆಯಲ್ಲಿ ಹೇಳಿಕೆ ಕೊಟ್ಟು ಸಹಿ ಹಾಕಬೇಕು. ವಕೀಲರು ಏನು ಹೇಳಬೇಕೆಂದು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಾರೆ, ಅದು ಮಗನ ಜೇಬಿನಲ್ಲಿದೆ. ಸಿನಿಮಾದವರಿಗೆ ಕೋವಿಯನ್ನು ಖಾಲಿ ಕೊಟ್ಟೆ, ಆಮೇಲೆ ಅದು ಯಾರ ಕೈಯಲ್ಲಿತ್ತೋ ತಿಳಿಯದು, ಇಷ್ಟೇ. ಠಾಣೆಯವರನ್ನು ಕೇಳದೆ ಕೊಟ್ಟದ್ದಕ್ಕೆ ಪರವಾನಗಿ ಹೋಗಬಹುದು, ಹೋದರೆ ಹೋಗಲಿ ಬಿಡಿ ಅಪ್ಪಾಜಿ, ಈಗ ಯಾರಿಗೆ ಬೇಕು ಆ ಹಳೇ ಕಬ್ಬಿಣ, ಸೋಲಾರ್ ಬೇಲಿ ಹಾಕಿಸೋಣ ಅಂದ. ಮಗ ಕೆಟ್ಟವನಲ್ಲ. ಅಪ್ಪನನ್ನು ಉಳಿಸಿಕೊಳ್ಳಬೇಕೆಂದು ಹನ್ನೊಂದು ದಿನದಿಂದ ನೆಟ್ಟಗೆ ಊಟ ಮಾಡದೆ ಓಡಾಡುತ್ತಿದ್ದಾನೆ, ಒಣಗಿಸಲು ಬ್ಯಾರನ್‌ಗೆ ಏರಿಸಿದ ತಂಬಾಕು ಸೊಪ್ಪು ಹದ ಮೀರಿ ಕಪ್ಪಾದರೂ ಆ ಕಡೆ ತಿರುಗಿ ನೋಡಿಲ್ಲ. ಅದೇ ವೀರಭದ್ರಸ್ವಾಮಿಯ ಬಾಯಿ ಕಟ್ಟಿದ್ದು. ಬೈದಿದ್ದರೆ, ಮಾಡಿದ್ದುಣ್ಣಿ ಅಂದಿದ್ದರೆ, ಎಂದೋ ಬಾಯಿಬಿಟ್ಟಿರುತ್ತಿದ್ದ. ಮಗನಿಗೆ ಅವನು ಹೇಳಿರುವುದೂ ಅದೇ ಸುಳ್ಳು: ಖಾಲಿ ಕೊಟ್ಟೆ ಕಣೋ. ಮಗ ಅದನ್ನು ನಂಬಿದ್ದಾನೋ, ನಂಬಿದ ಹಾಗೆ ಇದ್ದಾನೋ, ಅದನ್ನು ಕೇಳುವ ಧೈರ್ಯವೂ ಅವನಿಗಿಲ್ಲ.

ಸಿನಿಮಾದವರು ಊರಿಗೆ ಬಂದದ್ದು ಮಗನ ಸ್ನೇಹಿತ ಚೇತನ್ ಕುಮಾರನ ಮುಖಾಂತರ. ಅವನೇ ಡೈರೆಕ್ಟರು, ಮೊದಲ ಸಿನಿಮಾ, ಕೈಯಲ್ಲಿ ಕಾಸಿಲ್ಲ, ತಲೆಯಲ್ಲಿ ಮಾತ್ರ ತುಂಬಾ ಇತ್ತು. ಬೆಂಗಳೂರಿಂದ ತಂದಿದ್ದ ಮರದ ಕೋವಿ ನೋಡಿದರೆ ಅಂಗನವಾಡಿ ಮಕ್ಕಳ ಆಟಿಕೆಯ ಹಾಗಿತ್ತು. ಅದನ್ನು ನೋಡಿ ನಕ್ಕವನು ವೀರಭದ್ರಸ್ವಾಮಿಯೇ. ನಮ್ಮನೇಲಿ ಇದೆಯಲ್ಲಪ್ಪ ನಿಜವಾದ್ದು ಅಂದವನೂ ಅವನೇ. ಯಾರೂ ಕೇಳಿರಲಿಲ್ಲ, ಅದನ್ನು ಅವನು ಮರೆಯುವ ಹಾಗಿಲ್ಲ. ಆ ಸಿನಿಮಾದ ಸಾಮಾನು ಸರಂಜಾಮೆಲ್ಲ ನೋಡಿಕೊಳ್ಳುತ್ತಿದ್ದವನು ಶರತ್ ಅಂತ, ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗ, ಕೃಷ್ಣರಾಜನಗರದ ಕಡೆಯವನು. ಕಡ್ಡಿಯಂಥ ಮೈ, ಬೆರಳ ತುಂಬ ಬಣ್ಣದ ಕಲೆ. ಅವನೊಬ್ಬ ಬೇಡವೆಂದ. ನಿಜವಾದ ಕೋವಿ ತಂದರೆ ಅದಕ್ಕೆ ತಿಳಿದವರು ಒಬ್ಬರು ಇರಬೇಕು ಸಾರ್, ನಂಗೆ ಗೊತ್ತಿಲ್ಲದ ಸಾಮಾನು ನಾ ಹೇಗೆ ನೋಡಿಕೊಳ್ಳಲಿ ಅಂದ. ತಿಳಿದವರು ಸ್ವಾಮಿಗಳೇ ಇದ್ದಾರಲ್ಲ ಅಂತ ಡೈರೆಕ್ಟರು ಅಂದಾಗ ವೀರಭದ್ರಸ್ವಾಮಿ ಶಲ್ಯ ಸರಿಪಡಿಸಿಕೊಂಡಿದ್ದ. ಕಡೆಗೆ ಶರತ್ ಒಂದು ಮಾತಿಗೆ ಒಪ್ಪಿದ: ಕೇಪು ಮಾತ್ರ ಇಡಬೇಕು, ಮದ್ದು ಕೂಡದು. ಹೊಗೆ ಬೇಕಾದರೆ ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಿಕೊಳ್ಳುತ್ತಾರಂತೆ. ಆಗಲಿ ಕಣಪ್ಪ, ನೀನು ಹೇಳಿದ ಹಾಗೇ ಎಂದು ವೀರಭದ್ರಸ್ವಾಮಿ ಹತ್ತು ಜನರೆದುರು ಮಾತು ಕೊಟ್ಟ.

ಕಾರು ಅಂಗಳ ಬಿಡುವಾಗ ಸೊಸೆ ಉಷಾರಾಣಿ ಮೊಮ್ಮಗಳು ಶಿವಾನಿಯನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ತಾತಾ ಟಾಟಾ ಎಂದಿತು ಮಗು. ಅದಕ್ಕೆ ಕೈ ಬೀಸಲು ಎತ್ತಿದ ಅಂಗೈಯನ್ನು ಅವನು ಅರ್ಧಕ್ಕೇ ಮಡಿಚಿದ. ಊರ ಕೊನೆಯ ಬೀದಿಗೆ ಬಂದಾಗ ನಿಲ್ಲಿಸೋ ಅಂದ. ನಿಂಗಯ್ಯನ ಮನೆ ಅದು. ಮೈಸೂರಿನ ಆಸ್ಪತ್ರೆಯಿಂದ ನಿನ್ನೆ ಸಂಜೆ ಕರೆದುಕೊಂಡು ಬಂದಿದ್ದಾರೆಂದು ಊರಿಗೆಲ್ಲ ಗೊತ್ತಾಗಿತ್ತು. ಈಗ ಬೇಡ ಅಪ್ಪಾಜಿ, ವಕೀಲರು ಬೇಡ ಅಂದಿದ್ದಾರೆ ಅಂದ ಮಗ. ಅವನ ಎಡಗಣ್ಣು ಹೋಗಿದೆ ಕಣೋ, ನಮ್ಮ ಹೊಲಕ್ಕೆ ಹೊಲ ತಾಗಿದವನು, ನೋಡದೆ ಹೇಗೆ ಹೋಗಲಿ ಎಂದು ವೀರಭದ್ರಸ್ವಾಮಿ ತಾನೇ ಬಾಗಿಲು ತೆಗೆದು ಇಳಿದ. ಇಳಿದವನು ಕಾರಿನ ಬಾಗಿಲು ಹಿಡಿದೇ ನಿಂತ. ಎದುರುಮನೆಯವರು ನೋಡುತ್ತಿದ್ದರು. ಆಸ್ಪತ್ರೆಗೆ ಒಂದು ದಿನವೂ ಹೋಗಲಿಲ್ಲವಲ್ಲ ಸ್ವಾಮಿ ಎಂದು ಆ ನೋಟ ಕೇಳುತ್ತಿದೆ ಅನ್ನಿಸಿತು. ಹಾಗೇನೂ ಇಲ್ಲದಿರಬಹುದು, ಪಾಪ, ಅವರು ಸುಮ್ಮನೆ ಅಕ್ಕಿ ಕೇರುತ್ತ ಕೂತಿದ್ದರು.

ನಿಂಗಯ್ಯ ಪಡಸಾಲೆಯ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದ. ಮುಖದ ಎಡಭಾಗಕ್ಕೆಲ್ಲ ಬಿಳೀ ಪಟ್ಟಿ. ಸ್ವಾಮಣ್ಣೋರು ಬಂದ್ರು ಅಂತ ಹೆಂಡತಿ ಸುನಂದಮ್ಮ ಹೇಳಿದಾಗ ಅವನು ಎದ್ದು ನಿಲ್ಲಲು ಹೋದ. ಕಣ್ಣು ಕಳೆದುಕೊಂಡವನು, ಕಳೆದವನ ಮುಂದೆ ಏಳಲು ಹೋಗುತ್ತಾನೆ. ವೀರಭದ್ರಸ್ವಾಮಿಗೆ ಆ ಗೋಡೆ ಬಿರಿದು ತನ್ನನ್ನು ಒಳಗೆ ಸೇರಿಸಿಕೊಳ್ಳಬಾರದೇ ಅನ್ನಿಸಿತು. ಕೂತ. ನೋವಿದೆಯಾ ಎಂದು ಕೇಳಿದ. ಈಗ ಕಮ್ಮಿ, ರಾತ್ರಿ ಒಸಿ ಎಳೀತದೆ ಅಂದ ನಿಂಗಯ್ಯ. ಹೊಲದ ಮಾತು ಬಂತು, ಜೋಳದ ಮಾತು ಬಂತು. ಸುನಂದಮ್ಮ ನೀರು ತಂದಿಟ್ಟು ಅಲ್ಲೇ ಬಾಗಿಲ ದಾರಂದಕ್ಕೆ ಒರಗಿ ನಿಂತಳು.

ಅವತ್ತು, ಶೂಟಿಂಗಿನ ದಿನ, ಹೊಳೆದಂಡೆಯಲ್ಲಿ ಬಿಸಿಲು ಹೀಗೇ ಇತ್ತು. ನಿಂಗಯ್ಯನದು ಗುಂಡೇಟು ತಿನ್ನುವ ರೈತನ ಪಾತ್ರ; ಬರಬೇಕಾದ ನಟ ಬರಲಿಲ್ಲವೆಂದು, ಇವರ ಮುಖ ಚೆನ್ನಾಗಿದೆ ಎಂದು ಅವನನ್ನೇ ನಿಲ್ಲಿಸಿದ್ದರು. ಹೊಸ ಟವೆಲ್ಲು ತಲೆಗೆ ಸುತ್ತಿಕೊಂಡು, ಮದುವೆಗಂಡಿನಂತೆ ನಾಚಿಕೊಂಡು ನಿಂತಿದ್ದ. ಜಮೀನ್ದಾರನ ಪಾತ್ರದವನು ಎರಡು ಮಾರು ದೂರದಿಂದ ಕೋವಿಯ ಕುದುರೆ ಎಳೆದ. ಕೇಪು ಚಟ್ಟೆಂದಿತು, ಅಷ್ಟೆ. ಕ್ಯಾಮೆರಾ ಹಿಂದಿದ್ದವರಲ್ಲಿ ಯಾರೋ, ಏನ್ ಗುರೂ ಇದು, ನಮ್ಮ ಹಟ್ಟೀಲಿ ದೀಪಾವಳಿ ಪಟಾಕಿ ಇದಕ್ಕಿಂತ ಜೋರು ಹೊಡೀತದೆ ಅಂದರು. ಎಲ್ಲರೂ ನಕ್ಕರು. ನಿಂಗಯ್ಯನೂ ನಕ್ಕ. ಶರತ್ ಮಾತ್ರ ನಗಲಿಲ್ಲ, ಇಷ್ಟೇ ಸಾಕು ಸಾರ್ ಅಂದ. ಊಟ ಆದ್ಮೇಲೆ ಇನ್ನೊಂದು ಟೇಕ್ ಹೋಗೋಣ ಎಂದು ಡೈರೆಕ್ಟರು ಕೂಗಿ, ಊಟಕ್ಕೆ ಬಿಟ್ಟರು. ಅರವತ್ತು ವರ್ಷದ ಮನುಷ್ಯ, ಅಷ್ಟು ಸಣ್ಣ ನಗುವಿಗೆ ಮೈ ಉರಿಯಬೇಕೆ? ಉರಿಯಿತು. ಮೂರು ತಲೆಮಾರಿನ ಕೋವಿಯನ್ನು ಪಟಾಕಿ ಮಾಡಿಬಿಟ್ಟರಲ್ಲ ಎಂದು ಮೈಯೆಲ್ಲ ಉರಿಯಿತು. ಎಲ್ಲರೂ ಎಲೆ ಮುಂದೆ ಕೂತಿದ್ದಾಗ ಅವನು ಹೊಂಗೆಮರದ ಹಿಂದೆ ಹೋದ, ಚೀಲದಿಂದ ಮದ್ದಿನ ಡಬ್ಬಿ ತೆಗೆದ, ಅಂಗೈಗೆ ಸುರಿದುಕೊಂಡ. ಗುಂಡಿ ತುಂಬಿತು. ಬೆರಳ ಬುಡಕ್ಕೆ ಬಂತು. ನಳಿಗೆಗೆ ಹಾಕಿದ, ಮತ್ತೊಮ್ಮೆ ಸುರಿದುಕೊಂಡ. ನಾರು ತುರುಕಿ ಗಜ ಜಡಿದ. ಒಂದು, ಎರಡು, ಮೂರು. ಮೂರನೆಯದಕ್ಕೆ ಗಜ ಪುಟಿಯಿತು. ಚರೆಯಿಲ್ಲವಲ್ಲ, ಬರೀ ನಾರು ಏನು ಮಾಡೀತು ಎಂಬುದು ಅವನಿಗೆ ಬರೀ ನಂಬಿಕೆಯಾಗಿರಲಿಲ್ಲ, ಅದು ಆ ಮನೆತನದ ಹೆಸರೇ ಆಗಿತ್ತು. ಹುಟ್ಟಿದಾಗಿನಿಂದ ಆಕಾಶಕ್ಕೇ ಹೊಡೆದವನು. ಆ ನಾರಿನ ಉಂಡೆ ಎಲ್ಲಿ ಹೋಗುತ್ತದೆ, ಎಷ್ಟು ಬಲವಾಗಿ ಹೋಗುತ್ತದೆ ಎಂದು ಇಷ್ಟು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ.

ಊಟವಾದ ಮೇಲೆ ಶರತ್ ಬಂದು ಎರಡೂ ಕೈಯಲ್ಲಿ ಕೋವಿ ಇಸಿದುಕೊಂಡ. ಕೇಪು ಮಾತ್ರ ತಾನೆ ಸ್ವಾಮಿಗಳೇ ಎಂದು ಕೇಳಿದ. ಕೋವಿಯ ಜೊತೆ ಗಜದ ಕಡ್ಡಿಯೂ ಹುಡುಗನ ಕೈಗೆ ಬಂದಿತ್ತು. ನಳಿಗೆಯೊಳಗೆ ಇಳಿಬಿಟ್ಟಿದ್ದರೆ ಬುಡದಲ್ಲಿ ಏನೋ ಇದೆಯೆಂದು ಆ ಕ್ಷಣವೇ ತಿಳಿಯುತ್ತಿತ್ತು. ಅವನ ಕಣ್ಣು ಒಮ್ಮೆ ಗಜದ ಮೇಲೆ ಹೋಯಿತು, ಆಮೇಲೆ ವೀರಭದ್ರಸ್ವಾಮಿಯ ಹಣೆಯ ವಿಭೂತಿಯ ಮೇಲೆ ಬಂತು. ಹ್ಞೂ ಕಣಪ್ಪ ಅಂದ ವೀರಭದ್ರಸ್ವಾಮಿ. ಅಷ್ಟೇ ಸಾಕಾಯಿತು ಹುಡುಗನಿಗೆ.

ಆಮೇಲಿನದು ಹೊಗೆ. ಹೊಗೆಯೊಳಗಿಂದ ಬಂದ ಕೂಗು. ಚೆನ್ನಾಗಿ ಮಾಡಿದಿರಿ ನಿಂಗಯ್ಯನೋರೆ ಎಂದು ಡೈರೆಕ್ಟರು ಚಪ್ಪಾಳೆ ತಟ್ಟಿದ್ದು ಈಗಲೂ ಕೇಳುತ್ತದೆ. ಎರಡು ಚಪ್ಪಾಳೆ, ಮೂರನೆಯದಕ್ಕೆ ಕೈ ನಿಂತಿತು. ಸಂಜೆ ಸಬ್‌ಇನ್‌ಸ್ಪೆಕ್ಟರು ಬಂದು ಮದ್ದು ತುಂಬಿದವರು ಯಾರು ಎಂದಾಗ ವೀರಭದ್ರಸ್ವಾಮಿ ಎಡಗೈಯನ್ನು ಶಲ್ಯದೊಳಗೆ ಸೇರಿಸಿಕೊಂಡು, ನಾನು ಖಾಲಿ ಕೊಟ್ಟಿದ್ದೆ ಅಂದ. ಶರತ್ ಅವನ ಕಡೆ ತಿರುಗಿ ನೋಡಿದ. ಬೈಯಲಿಲ್ಲ, ಸುಳ್ಳು ಅನ್ನಲಿಲ್ಲ. ಸೆಟ್ಟಿನ ಸಾಮಾನು ನನ್ನ ಜವಾಬ್ದಾರಿ ಸಾರ್, ನಾನು ನೋಡಬೇಕಿತ್ತು ಅಂದ. ಕಂಪನಿಯವರು ಆ ಮಾತನ್ನು ಹಿಡಿದುಕೊಂಡರು, ಎಲ್ಲರೂ ಹಿಡಿದುಕೊಂಡರು.

ವೀರಭದ್ರಸ್ವಾಮಿ ನೀರಿನ ಲೋಟ ಎತ್ತಿದವನು ಕುಡಿಯದೆ ಕೆಳಗಿಟ್ಟ. ಹೇಳಬೇಕು ಎಂದುಕೊಂಡು ಬಂದ ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ನಿಂಗಯ್ಯ, ನಾನು ಅವತ್ತು ಎಂದು ಶುರುಮಾಡಿದ. ನಿಂಗಯ್ಯ ಕೈ ಅಡ್ಡ ಹಿಡಿದ.

"ನಂಗೊತ್ತು ಬುಡಿ ಸ್ವಾಮಣ್ಣ. ನಾ ಕೈ ತೊಳಿಯಕ್ಕೆ ಅಂತ ಎದ್ದು ಬಂದಿದ್ದೆ. ನೀವು ಮರದಿಂದೆ ಗಜ ಕುಟ್ತಾ ಇದ್ರಿ. ಮೂರ್ನೇ ಸಲಕ್ಕೆ ಬ್ಯಾಡಿ ಅನ್ನವ ಅನ್ಕಂಡೆ. ಅಷ್ಟು ಜನ ನಗಾಡವ್ರೆ, ಇನ್ನ ನಾನೂ ಒಂದ್ ಮಾತಾಡ್ಬುಟ್ರೆ ನಿಮಗೆ ಎಂಗಾಗ್ತದೆ ಅಂತ ಸುಮ್ಕಾದೆ. ಓಗಿ ನಿಂತ್ಕಂಡೆ."

ಪೊಲೀಸರು ಆಸ್ಪತ್ರೆಗೆ ಬಂದು ಕೇಳಿದಾಗ ನೋಡಲಿಲ್ಲ ಎಂದೇ ಹೇಳಿದೆನೆಂದೂ, ಆ ಹುಡುಗನ ಹೆಸರನ್ನೂ ಹೇಳಲಿಲ್ಲ, ನಿಮ್ಮ ಹೆಸರನ್ನೂ ಹೇಳಲಿಲ್ಲವೆಂದೂ ನಿಂಗಯ್ಯ ಹೇಳಿದ. ಹೋಗಿದ್ದು ಹೋಯಿತು, ಇನ್ನೊಂದು ಇದೆಯಲ್ಲ ಅಂದ. ವೀರಭದ್ರಸ್ವಾಮಿ ಆ ಬಿಳೀ ಪಟ್ಟಿಯನ್ನೇ ನೋಡಿದ. ಮದ್ದು ತುಂಬಿದೆ ಎಂದು ತಿಳಿದೂ ಕೋವಿಯೆದುರು ಹೋಗಿ ನಿಂತ ಮನುಷ್ಯ! ಇವನಿಗೂ ಅದೇ ನಂಬಿಕೆ: ಸ್ವಾಮಣ್ಣನ ಕೋವಿ ಗುಬ್ಬಚ್ಚಿಯನ್ನೂ ಕೊಲ್ಲುವುದಿಲ್ಲ. ಆ ಮಾತನ್ನು ಊರ ತುಂಬ ಬಿತ್ತಿದವನು ತಾನು. ಅಳು ಬಂತು, ಅಳಲು ತನಗೇನು ಹಕ್ಕು ಎಂದು ನುಂಗಿಕೊಂಡ. ಆಗ ಅಷ್ಟು ಹೊತ್ತೂ ದಾರಂದಕ್ಕೆ ಒರಗಿ ನಿಂತಿದ್ದ ಸುನಂದಮ್ಮ ಬಾಯಿಬಿಟ್ಟಳು. ದನಿ ಎತ್ತರಿಸಲಿಲ್ಲ.

"ನಿಮಗೆ ಅವಮಾನ ಆಗ್ತದೆ ಅಂತ ಇವ್ರು ಸುಮ್ಕಿದ್ರು. ನಿಮ್ಮ ಮಾತ್ನ ಅನುಮಾನ ಮಾಡಬಾರ್ದು ಅಂತ ಆ ಉಡುಗ ಸುಮ್ಕಿದ್ದ. ನಿಮ್ಮೊಬ್ರ ಮರ್ಯಾದಿಗೆ ನಮ್ಮನೆ ಕಣ್ಣು ಓಯ್ತು ಸ್ವಾಮಣ್ಣ. ಈಗ ಅವನ ಬಾಳೂ ಓಗ್ಲಿ ಅಂತೀರಾ?"

ಸುಮ್ನಿರಮ್ಮಿ ಎಂದು ನಿಂಗಯ್ಯ ಗದರಿದ. ದೊಡ್ಡವರು ಮನೆಗೆ ಬಂದಾಗ ಹೀಗಾ ಮಾತಾಡುವುದು ಎಂದ. ವೀರಭದ್ರಸ್ವಾಮಿ ಎದ್ದ, ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಎಡದ್ದನ್ನು ಬಲಕ್ಕೆ ಹಾಕಿಕೊಂಡು ಮತ್ತೆ ಬದಲಿಸಿಕೊಂಡ. ಕಾರಿನಲ್ಲಿ ಮಗ ವಕೀಲರ ಹಾಳೆಯನ್ನು ಓದಿ ಹೇಳತೊಡಗಿದ. ಕಿಟಕಿಯಾಚೆ ತಂಬಾಕಿನ ಹೊಲ, ಬ್ಯಾರನ್ನುಗಳ ಹೊಗೆ, ಸೌದೆ ಹೇರಿದ ಟ್ರ್ಯಾಕ್ಟರು, ಎಲ್ಲ ತಮ್ಮ ಪಾಡಿಗೆ ಹೋಗುತ್ತಿದ್ದವು. ತಪ್ಪು ತನ್ನೊಬ್ಬನದೇ ಹೇಗಾದೀತು ಎಂದು ಮನಸ್ಸು ಒಳಗೊಳಗೇ ವಾದ ಹೂಡಿತ್ತು. ಕುದುರೆ ಎಳೆದವನು ಇನ್ನೊಬ್ಬ. ಹತ್ತಿರ ನಿಲ್ಲಿಸಿದವನು ಮತ್ತೊಬ್ಬ. ಕೋವಿಗೆಂದೇ ಒಬ್ಬ ತಿಳಿದವನನ್ನು ಕರೆಸದೆ ಕೆಲಸ ನಡೆಸಿದ್ದು ಕಂಪನಿ. ನಕ್ಕವರು ಅಷ್ಟೂ ಜನ. ಹೌದಪ್ಪ, ಎಲ್ಲರ ಪಾಲೂ ಇದೆ. ಎಲ್ಲರ ಪಾಲನ್ನೂ ಕಳೆದ ಮೇಲೆ ಹ್ಞೂ ಕಣಪ್ಪ ಎಂಬ ಎರಡು ಮಾತು ಉಳಿಯುತ್ತದಲ್ಲ, ಅದನ್ನು ಯಾರ ತಲೆಗೆ ಕಟ್ಟುವುದು? ಕೇಳಿಸಿಕೊಂಡಿರಾ ಅಪ್ಪಾಜಿ ಅಂದ ಮಗ. ಕೇಳಿಸಿತು ಅಂದ.

ಠಾಣೆಯಲ್ಲಿ ಈ ಸಲ ಕುರ್ಚಿ ಹಾಕಲಿಲ್ಲ. ಸಾಹೇಬರು ಬರುತ್ತಾರೆ, ಹೊರಗೆ ಕೂತಿರಿ ಅಂದರು. ಜಗಲಿಯ ಬೆಂಚಿನ ಮೇಲೆ ಐವತ್ತು ದಾಟಿದ ಹೆಂಗಸೊಬ್ಬಳು ಬಟ್ಟೆಯ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಗ ಫೋನು ಬಂತೆಂದು ಗೇಟಿನ ಕಡೆ ಹೋದ. ವೀರಭದ್ರಸ್ವಾಮಿ ನಿಂತೇ ಇರುವುದನ್ನು ಕಂಡು ಆಕೆ ಸರಿದು ಜಾಗ ಮಾಡಿದಳು. ಕೂತ್ಕಳಿ, ನಿಂತವರ್ನ ಬೇಗ ಕರೀತಾರೆ ಅಂತೇನಿಲ್ಲ ಅಂದಳು. ನಿಮ್ಮ ಮಗನೂ ಒಳಗವ್ನಾ ಎಂದು ಕೇಳಿದಳು. ಇಲ್ಲ ಅಂದ. ಅವಳು ಮತ್ತೆ ಕೆದಕಲಿಲ್ಲ. ಠಾಣೆಯ ಬೆಂಚಿನ ಮೇಲೆ ಕೂತವರು ಹೇಳಿದಷ್ಟು ಕೇಳಿಕೊಳ್ಳಬೇಕೆಂದು ಈ ಕೆಲವು ದಿನದಲ್ಲೇ ಕಲಿತವಳ ಹಾಗಿತ್ತು.

ತಾನಾಗಿ ಅವಳೇ ಹೇಳಿಕೊಂಡಳು. ಹೆಸರು ಸಣ್ಣತಾಯಮ್ಮ, ಕೃಷ್ಣರಾಜನಗರದ ಕಡೆಯ ಹೊಸ ಅಗ್ರಹಾರದವಳು. ಮಗ ಶರತ್ ಒಳಗೆ ರೈಟರ್ ಹತ್ತಿರ ಕೂತಿದ್ದಾನೆ. ಜಾಮೀನಿನ ಮೇಲೆ ಬಿಟ್ಟಿದ್ದಾರೆ, ಕರೆದಾಗಲೆಲ್ಲ ಬರಬೇಕು. ಒಬ್ಬನೇ ಬಸ್ಸು ಹತ್ತುವುದಿಲ್ಲ, ಅದಕ್ಕೇ ಜೊತೆಗೆ ಬರುತ್ತಾಳೆ. ಚಿಕ್ಕವನಿದ್ದಾಗ ಕೆರೆಯ ಮಣ್ಣು ತಂದು ಊರಿಗೆಲ್ಲ ಗೌರಿ ಗಣೇಶ ಮಾಡಿಕೊಡುತ್ತಿದ್ದನಂತೆ. ಏಳು ವರ್ಷ ಬೆಂಗಳೂರಲ್ಲಿ ಯಾರ್ಯಾರದೋ ಕೈಕೆಳಗೆ ದುಡಿದು ಈ ಸಲ ಪೂರಾ ಕೆಲಸ ಅವನಿಗೇ ವಹಿಸಿದ್ದರಂತೆ. ಈಗ ಇವನನ್ನು ಯಾರೂ ಕರೆಯುವುದಿಲ್ಲವಂತೆ, ಕೇಸಾದರೆ ಸಿನಿಮಾ ಕೆಲಸಗಾರರ ಸಂಘದ ಕಾರ್ಡೂ ಹೋಗುತ್ತದಂತೆ. ವೀರಭದ್ರಸ್ವಾಮಿ ನೆಲ ನೋಡುತ್ತ ಕೇಳಿದ. ಆಕೆಯ ಹಿಮ್ಮಡಿ ಒಡೆದಿತ್ತು, ಬೆರಳಿಗೆ ಹಿತ್ತಾಳೆಯ ಉಂಗುರ. ಇನ್ನು ಸ್ವಲ್ಪ ಹೊತ್ತು ಹೀಗೇ ಕೂತಿದ್ದರೆ ತಾನು ಯಾರೆಂದು ಹೇಳಿಬಿಡುತ್ತೇನೆ ಅನ್ನಿಸಿತು. ಅವಳೇ ಅವನತ್ತ ತಿರುಗಿ ಕೇಳಿದಳು.

"ನೀವು ದೊಡ್ಡೋರು, ನೀವೇ ಏಳಿ ಸ್ವಾಮಿ. ಅಷ್ಟು ವಯಸ್ಸಾದೋರು, ವಿಭೂತಿ ಇಟ್ಕಂಡೋರು, ಏನೂ ಇಲ್ಲ ಅಂದ್ಮೇಲೆ ಅವ್ರ ಎದುರ್ಗೇ ಕಡ್ಡಿ ಆಕಿ ನೋಡದು ಎಂಗಮ್ಮ ಅಂತಾನೆ ನನ್ ಮಗ. ನೋಡ್ಬೇಕಿತ್ತು, ನಂದೇ ತಪ್ಪು ಅಂತ ಅವನೇ ಅಳ್ತಾನೆ. ಅವನು ನೋಡ್ಬೇಕಿತ್ತಾ?"

ವೀರಭದ್ರಸ್ವಾಮಿಯ ಕೈ ತಾನಾಗಿ ಹಣೆಗೆ ಹೋಯಿತು. ಬೆಳಿಗ್ಗೆ ಹಚ್ಚಿದ ಮೂರು ಗೆರೆ ಬೆವರಿಗೆ ಕಲಸಿಹೋಗಿತ್ತು. ತುಂಬಿದವನು ಹೇಳಬೇಕಿತ್ತು ತಾಯಿ ಎಂದಷ್ಟೇ ಅಂದ. ಹ್ಞಾ, ಅಂಗನ್ನಿ ಎಂದು ಆಕೆಗೆ ಜೀವ ಬಂದಂತಾಯಿತು; ಇಷ್ಟು ದಿನದಲ್ಲಿ ಈ ಮಾತಂದವರು ನೀವೊಬ್ಬರೇ ಎಂದು ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಒಳಗಿಂದ ಕರೆ ಬಂತು. ಮಗ ಓಡಿಬಂದು ಹಾಳೆಯನ್ನು ಅವನ ಕೈಗಿಟ್ಟ.

ಒಳಗೆ ಸಬ್‌ಇನ್‌ಸ್ಪೆಕ್ಟರು, ಪಕ್ಕದಲ್ಲಿ ಬರೆದುಕೊಳ್ಳುವ ರೈಟರ್. ಮೂಲೆಯ ಸ್ಟೂಲಿನ ಮೇಲೆ ಶರತ್ ಕೂತಿದ್ದ. ಇನ್ನೂ ಬಡವಾಗಿದ್ದಾನೆ, ಬೆರಳ ಬಣ್ಣವೆಲ್ಲ ತೊಳೆದುಹೋಗಿ ಯಾರದೋ ಕೈಯ ಹಾಗೆ ಕಾಣುತ್ತಿದೆ. ವೀರಭದ್ರಸ್ವಾಮಿಯನ್ನು ಕಂಡು ಅವನು ಸ್ಟೂಲು ಬಿಟ್ಟು ಎದ್ದುನಿಂತ. ಇವತ್ತು ಹೀಗೆ ಎದ್ದವರಲ್ಲಿ ಅವನು ಎರಡನೆಯವನು. ಹೇಳಿ ಸ್ವಾಮಿಗಳೇ, ಕೋವಿ ಕೊಡುವಾಗ ಏನಿತ್ತು ಅದರಲ್ಲಿ ಎಂದರು ಸಬ್‌ಇನ್‌ಸ್ಪೆಕ್ಟರು. ವೀರಭದ್ರಸ್ವಾಮಿ ಹಾಳೆ ಬಿಚ್ಚಲಿಲ್ಲ. ಬೇಕೆಂದರೂ ಅದರ ಒಂದು ಪದವೂ ನೆನಪಿಗೆ ಬರುತ್ತಿರಲಿಲ್ಲ.

"ಎರಡು ಅಳತೆ ಮದ್ದು ಇತ್ತು. ಮೇಲೆ ನಾರು. ತುಂಬಿದ್ದು ನಾನು, ಊಟದ ಹೊತ್ತಲ್ಲಿ, ಯಾರಿಗೂ ಹೇಳದೆ. ಈ ಹುಡುಗ ಕೇಳಿದ. ಕೇಪು ಮಾತ್ರ ಅಂತ ಸುಳ್ಳು ಹೇಳಿದೆ. ಅವತ್ತು ನಿಮ್ಮ ಹತ್ರಾನೂ ಸುಳ್ಳು ಹೇಳಿದೆ."

ಅಪ್ಪಾಜಿ ಎಂದು ಮಗ ತೋಳು ಹಿಡಿದ. ಅಪ್ಪಾಜಿಗೆ ಹುಷಾರಿಲ್ಲ ಸಾರ್, ಇನ್ನೊಂದು ದಿನ ಬರ್ತೀವಿ ಅಂದ. ದನಿ ಒಡೆದಿತ್ತು. ಬಿಡೋ, ಹುಷಾರಾಗೇ ಇದ್ದೀನಿ ಎಂದು ವೀರಭದ್ರಸ್ವಾಮಿ ತೋಳು ಬಿಡಿಸಿಕೊಂಡ. ರೈಟರ್ ಪೆನ್ನು ಎತ್ತಿ ಸಾಹೇಬರ ಮುಖ ನೋಡಿದರು, ಸಾಹೇಬರು ಬರೆದುಕೊಳ್ಳಿ ಎಂದು ಸನ್ನೆ ಮಾಡಿದರು. ಹೇಳಿದ್ದನ್ನೆಲ್ಲ ಮತ್ತೆ ಮೊದಲಿಂದ ಹೇಳಬೇಕಾಯಿತು, ನಿಧಾನವಾಗಿ, ಬರೆಯುವವರಿಗೆ ಸಿಗುವಷ್ಟು ನಿಧಾನವಾಗಿ. ಎಷ್ಟು ಗಂಟೆಗೆ, ಯಾವ ಮರದ ಹಿಂದೆ, ಗಜ ಎಷ್ಟು ಸಲ. ಯಾಕೆ ತುಂಬಿದಿರಿ ಎಂದು ಕೇಳಿದಾಗ ಮಾತ್ರ ಸಿಕ್ಕಿಹಾಕಿಕೊಂಡ. ನಕ್ಕರು ಸಾರ್ ಅಂದ. ಯಾರು ನಕ್ಕರು, ಯಾತಕ್ಕೆ ನಕ್ಕರು ಎಂದು ರೈಟರ್ ಕೇಳಿದರು. ಅರವತ್ತು ವರ್ಷದವನು ನಾಲ್ಕು ಜನರೆದುರು ನಿಂತು ಅದನ್ನೂ ಹೇಳಿದ. ಹೇಳುವಾಗ ಅದು ಎಷ್ಟು ಸಣ್ಣ ಕಾರಣ ಎಂಬುದು ಅವನ ಕಿವಿಗೇ ಕೇಳಿಸಿತು. ಸಹಿ ಹಾಕಿದ. ಹಗುರಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ. ಮೂಲೆಯಲ್ಲಿ ಶರತ್ ಬಾಯಿ ತೆರೆದ. ಆದರೂ ನಾನು ಕಡ್ಡಿ ಹಾಕಿ ನೋಡಬೇಕಿತ್ತು ಸಾರ್, ನನ್ನ ಕೆಲಸ ಅದು, ಅದನ್ನೂ ಬರ್ಕೊಳ್ಳಿ ಅಂದ. ವೀರಭದ್ರಸ್ವಾಮಿಗೆ ಅವನ ಕಾಲು ಹಿಡಿಯಬೇಕು ಅನ್ನಿಸಿತು. ಹಿಡಿದರೆ ಆ ಹುಡುಗ ಮತ್ತೆ ತನ್ನದೇ ತಪ್ಪೆಂದು ಹಿಂದೆ ಸರಿಯುತ್ತಾನೆಂದು ತಿಳಿದು ಸುಮ್ಮನೆ ನಿಂತ.

ನೀವು ಸ್ವಲ್ಪ ಹೊರಗಿರಿ, ಮುಂದಿನದು ಹೇಳುತ್ತೇವೆ, ಇವತ್ತು ಮನೆಗೆ ಹೋಗುವ ಯೋಚನೆ ಇಟ್ಟುಕೊಳ್ಳಬೇಡಿ ಎಂದರು ಸಬ್‌ಇನ್‌ಸ್ಪೆಕ್ಟರು. ಮಗ ವಕೀಲರಿಗೆ ಫೋನು ಹಚ್ಚುತ್ತ ಅವನ ಮುಖ ನೋಡದೆ ಪಕ್ಕದಿಂದ ಹಾದುಹೋದ. ಸಣ್ಣತಾಯಮ್ಮ ಬೆಂಚು ಬಿಟ್ಟು ಬಾಗಿಲ ಹತ್ತಿರವೇ ನಿಂತಿದ್ದಳು. ತೆರೆದ ಬಾಗಿಲು, ಒಳಗಿನದೆಲ್ಲ ಕೇಳಿಸಿರಬೇಕು. ಶಾಪ ಹಾಕಲಿ ಎಂದು ಅವನು ತಲೆ ತಗ್ಗಿಸಿ ನಿಂತ. ಅವಳು ಶಾಪ ಹಾಕಲಿಲ್ಲ. ತಾನೇ ಜಾಗ ಕೊಟ್ಟು ಕೂರಿಸಿಕೊಂಡಿದ್ದ, ಯಾರ ಮಾತಿಗೆ ಕಣ್ಣೊರೆಸಿಕೊಂಡಿದ್ದಳೋ ಆ ಮನುಷ್ಯನನ್ನು ಅವಳು ಈಗ ಬೇರೆ ಯಾರನ್ನೋ ನೋಡುವ ಹಾಗೆ ಮೇಲಿಂದ ಕೆಳಗಿನವರೆಗೆ ನೋಡಿದಳು.

"ಇಷ್ಟ್ ದಿನ ಎಲ್ಲಿದ್ರಿ?" ಎಂದಳು.

ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ ಹಾಗಿತ್ತು. ಕಾಯಿಲೆಯಾಗಿತ್ತು, ಊರಲ್ಲಿರಲಿಲ್ಲ, ಹೀಗೆ ಏನಾದರೂ ಹೇಳಲಿ ಎಂದು ಅವಳು ಕಾಯುತ್ತಿದ್ದಳು. ವೀರಭದ್ರಸ್ವಾಮಿ ಬಾಯಿ ತೆರೆದ, ಅವಳಿಗೆ ಕೊಡಲು ಒಂದೇ ಒಂದು ಮಾತು ಇತ್ತು.

"ಮನೇ‌ಲಿದ್ದೆ ಕಣಮ್ಮ" ಅಂದ.